ಮಳೆಯೂ ಒಳಗೆ ಬರಬಾರದು, ಆನೆ ಸದ್ದೂ ಕೇಳಬೇಕು: ಎಂಥ ಜಾಕೆಟ್ ತಗೊಳ್ಳಲಿ?

ಹಾನುಬಾಳಿನ ಹೈದ (ಜೂನ್ 14, ರಾತ್ರಿ 9:10)

ಮೂರು ವರ್ಷದ ಹಿಂದೆ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದೆ. ಸಕಲೇಶಪುರ ತಾಲ್ಲೂಕು, ಹಾನುಬಾಳಿನಿಂದ ಒಳಗೆ ನಮ್ಮ ತೋಟ, ಹದಿನಾಲ್ಕು ಎಕರೆ. ಮಳೆಗಾಲ ಬಂತೆಂದರೆ ಬೆಳಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು. ಬಸಿಗಾಲುವೆ ಕಟ್ಟಿಕೊಂಡಿದೆಯಾ, ಕೊಂಬೆ ಮುರಿದು ಗಿಡದ ಮೇಲೆ ಬಿದ್ದಿದೆಯಾ, ಕೊಳೆ ರೋಗ ಶುರುವಾಗಿದೆಯಾ ಅಂತ ನೋಡಲೇಬೇಕು. ಛತ್ರಿ ಹಿಡಿದು ಕಾಫಿ ಸಾಲಿನೊಳಗೆ ನುಗ್ಗೋಕೆ ಆಗಲ್ಲ, ನಿಮಗೆಲ್ಲ ಗೊತ್ತಿರೋದೇ.

ಇದುವರೆಗೆ ಹಾಕುತ್ತಿದ್ದದ್ದು ಬೈಕಿಗೆ ಅಂತ ತಗೊಂಡ ಪ್ಲಾಸ್ಟಿಕ್ ರೇನ್‌ಕೋಟ್. ಹೊರಗಿನ ನೀರು ಒಳಗೆ ಬರಲ್ಲ, ಸರಿ. ಒಳಗಿನ ಬೆವರೂ ಹೊರಗೆ ಹೋಗಲ್ಲ. ಅರ್ಧ ಗಂಟೆ ಏರು ಹತ್ತಿದರೆ ಅಂಗಿ ಬಿಚ್ಚಿ ಹಿಂಡಬಹುದು. ಅದನ್ನಾದರೂ ಹೇಗೋ ಸಹಿಸಿಕೊಂಡಿದ್ದೆ.

ಹೋದ ಮಂಗಳವಾರ ಬೆಳಗ್ಗೆ ಮೇಸ್ತ್ರಿ ಹಿಂದಿನಿಂದ ಕಾಲರ್ ಹಿಡಿದು ಎಳೆದರು. ಏನ್ರೀ ಅಂತ ತಿರುಗಿದರೆ ಅವರು ಮಾತಾಡದೆ ಗಲ್ಲ ಎತ್ತಿ ತೋರಿಸಿದರು. ಹಲಸಿನ ಮರದ ಬುಡದಲ್ಲಿ ಒಂಟಿ ಸಲಗ. ಹೆಚ್ಚೆಂದರೆ ಹದಿನೈದು ಮಾರು. ಅದು ಹಣ್ಣು ತುಳಿದು ಒಡೆಯೋ ಸದ್ದು ಮೇಸ್ತ್ರಿಗೆ ಹಿಂದಿನ ತಿರುವಿನಲ್ಲೇ ಕೇಳಿಸಿತ್ತಂತೆ. ನನಗೆ ಕೇಳಿಸುತ್ತಿದ್ದದ್ದು ನನ್ನದೇ ಟೊಪ್ಪಿಯ ಚರಚರ, ಅದರ ಮೇಲೆ ಮಳೆ ಬಡಿಯೋ ಪಟಪಟ. ಹಿಂದೆ ಹಿಂದೆ ಹೆಜ್ಜೆ ಇಟ್ಟು ಆಳುಗಳ ಲೈನ್ ಮನೆ ಹತ್ತಿರ ಬರೋವರೆಗೆ ಇಬ್ಬರೂ ಉಸಿರೆತ್ತಲಿಲ್ಲ.

ಅವತ್ತಿನಿಂದ ಹುಡುಕುತ್ತಿದ್ದೇನೆ. ವಿದೇಶದಲ್ಲಿ ಶಿಕಾರಿಗೆ, ಗುಡ್ಡ ಹತ್ತೋದಕ್ಕೆ ಅಂತ ‘ಸಾಫ್ಟ್‌ಶೆಲ್’ ಜಾಕೆಟ್ ಮಾರುತ್ತಾರೆ. ಸದ್ದು ಮಾಡಲ್ಲ, ಗಾಳಿಯಾಡುತ್ತೆ, ನೀರೂ ಇಳಿಯಲ್ಲ ಅಂತ ಮೂರನ್ನೂ ಒಟ್ಟಿಗೆ ಹೇಳುತ್ತಾರೆ. ನಮ್ಮ ಮಳೆಯಲ್ಲಿ ಹಾಕಿ ನೋಡಿದವರು ಯಾರಾದರೂ ಇದ್ದೀರಾ? ಬಜೆಟ್ ಏಳೆಂಟು ಸಾವಿರ. ತೋಟದ ಸುತ್ತಿಗೂ ಆಗಬೇಕು, ವರ್ಷಕ್ಕೆರಡು ಸಲ ಎತ್ತಿನಭುಜ, ಜೇನುಕಲ್ಲು ಗುಡ್ಡದ ಕಡೆ ಹೋಗೋದಕ್ಕೂ ಆಗಬೇಕು. (ಶಿಕಾರಿ ಅಂದೆ ಅಂತ ಯಾರೂ ಗಾಬರಿಯಾಗಬೇಡಿ. ನಮ್ಮ ಮನೆಯಲ್ಲಿ ಅದು ತಾತನ ಕಾಲಕ್ಕೇ ಮುಗೀತು. ಇರೋ ಒಂದು ಕೋವಿ ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೋಗಿ ಬರುತ್ತೆ, ಅದರ ತಿರುಗಾಟ ಅಷ್ಟೇ.)

ಅಪ್ಪಯ್ಯ ಮಾತ್ರ ‘ಕಂಬಳಿ ಕೊಪ್ಪೆ ಹಾಕ್ಕೋ, ದುಡ್ಡು ಉಳಿಯುತ್ತೆ’ ಅಂತಿದ್ದಾರೆ.

ಜನ್ನಾಪುರ ಎಕ್ಸ್‌ಪ್ರೆಸ್ (ಜೂನ್ 14, ರಾತ್ರಿ 9:31)

ನಮ್ಮಜ್ಜಿ ಗೊರಬು ಹಾಕ್ಕೊಂಡು ಮಳೆಗಾಲ ಪೂರ್ತಿ ನಾಟಿ ಮಾಡಿದವಳು. ಬಿದಿರು, ಎಲೆ, ಬಳ್ಳಿ. ಬಗ್ಗಿದ ಬೆನ್ನಿಗೆ ಮಳೆ, ಮುಂದೆಲ್ಲ ಗಾಳಿ. ಇದಕ್ಕಿಂತ ಗಾಳಿಯಾಡೋ ಜಾಕೆಟ್ ಇದ್ದರೆ ಹೇಳಿ ಮಾರಾಯ್ರೆ, ನಾನೂ ತಗೊಳ್ತೀನಿ.

ಬಣಕಲ್ ಅಕ್ಕ (ಜೂನ್ 14, ರಾತ್ರಿ 11:02)

ತಮ್ಮಾ, ಕರೆಂಟಿಲ್ಲ, ಫೋನಲ್ಲಿ ಇಪ್ಪತ್ತು ಪರ್ಸೆಂಟ್ ಚಾರ್ಜಿದೆ. ಆದರೂ ಬರೀತೀನಿ, ಯಾಕಂದ್ರೆ ನೀನು ಈಗ ಮಾಡೋಕೆ ಹೊರಟಿರೋ ತಪ್ಪನ್ನ ನಾನು ದುಡ್ಡು ಕೊಟ್ಟು ಮಾಡಿ ಆಗಿದೆ.

ಸಾಫ್ಟ್‌ಶೆಲ್ ಅಂತ ಒಂದೇ ಹೆಸರಲ್ಲಿ ಎರಡು ಜಾತಿ ಬಟ್ಟೆ ಮಾರ್ತಾರೆ. ಒಂದಕ್ಕೆ ಒಳಗೆ ಪೊರೆ (ನೀರು ತಡೆದು ಆವಿ ಬಿಡೋ ತೆಳು ಹಾಳೆ) ಇರೋದೇ ಇಲ್ಲ. ಒತ್ತಾಗಿ ನೇಯ್ದ, ಎಳೆದರೆ ಹಿಗ್ಗೋ ಬಟ್ಟೆ, ಮೇಲೆ ನೀರು ಜಾರೋ ಲೇಪ. ಗಾಳಿ ತಡೆಯುತ್ತೆ, ಜಿಟಿಜಿಟಿ ಹನಿ ಅರ್ಧ ಗಂಟೆ ತಡೆಯುತ್ತೆ. ಇನ್ನೊಂದಕ್ಕೆ ನಡುವೆ ಪೊರೆ ಇರುತ್ತೆ, ಒಳಗೆ ಉಣ್ಣೆ ಥರದ ಫ್ಲೀಸ್ ಅಂಟಿಸಿರ್ತಾರೆ. ಚೀಟಿ ಮೇಲೆ ‘ವಾಟರ್‌ಪ್ರೂಫ್ 10,000’ ಅಂತ ಬರೆದಿರ್ತಾರೆ. ಆ ಲೆಕ್ಕ ಬಟ್ಟೆಗೆ ಕಣೋ, ಜಾಕೆಟ್‌ಗಲ್ಲ! ಹೊಲಿಗೆ ಹಾಕಿದ ಕಡೆಯೆಲ್ಲ ಸೂಜಿ ತೂತು. ಆ ತೂತಿನ ಮೇಲೆ ಒಳಗಿಂದ ಟೇಪ್ ಅಂಟಿಸಿದ್ರೆ ಮಾತ್ರ ಮಳೆಗಾಗುತ್ತೆ. ತುಂಬಾ ಸಾಫ್ಟ್‌ಶೆಲ್‌ಗೆ ಟೇಪ್ ಇರೋದೇ ಇಲ್ಲ. ಅಂಗಡಿಗೆ ಹೋದರೆ ಮೊದಲು ಜಾಕೆಟ್ಟನ್ನ ಒಳಮಗ್ಗುಲು ತಿರುಗಿಸಿ ಭುಜದ ಹೊಲಿಗೆ ನೋಡು. ಬೆರಳಗಲದ ಪಟ್ಟಿ ಕಾಣದೇ ಇದ್ರೆ ಹಾಗೇ ತಿರುಗಿ ಹ್ಯಾಂಗರ್‌ಗೆ ಹಾಕಿ ಬಾ.

ನನಗೆ ಇದು ಗೊತ್ತಾಗಿದ್ದು ಬಲ್ಲಾಳರಾಯನ ದುರ್ಗದ ದಾರಿಯಲ್ಲಿ, ಜುಲೈ ತಿಂಗಳು. ಬೆಂಗಳೂರಿನ ದೊಡ್ಡ ಅಂಗಡಿಯೊಂದರಲ್ಲಿ 6,500 ಕೊಟ್ಟು ತಂದಿದ್ದೆ. ಅಂಗಡಿ ಹುಡುಗ ‘ಮೇಡಂ ಇದು ಹಿಮಾಲಯಕ್ಕೆ’ ಅಂದಿದ್ದ. ಹಿಮಾಲಯಕ್ಕೆ ಸರಿಯಿರಬಹುದು, ಅಲ್ಲಿ ಬೀಳೋದು ಹಿಮ, ಕೊಡವಿದ್ರೆ ಉದುರುತ್ತೆ. ಇಲ್ಲಿ ನಲವತ್ತು ನಿಮಿಷಕ್ಕೆ ಭುಜ ನೆಂದಿತು, ಒಂದು ಗಂಟೆಗೆ ಒಳಗಿನ ಫ್ಲೀಸ್ ಪೂರ್ತಿ ನೀರು ಕುಡೀತು. ನೆಂದ ಕುರಿ ಹೊತ್ತುಕೊಂಡು ಗುಡ್ಡ ಇಳಿದ ಹಾಗಾಯ್ತು. ಮನೆಗೆ ಬಂದು ನಾಲ್ಕು ದಿನ ಒಣಗಲಿಲ್ಲ, ಬೂಷ್ಟು ವಾಸನೆ ಶುರುವಾಯ್ತು. ಕೊನೆಗೆ ಎಲ್ಲರೂ ಮಾಡೋದನ್ನೇ ಮಾಡಿದೆ, ಬಚ್ಚಲ ಒಲೆ ಮೇಲಿನ ಹಗ್ಗಕ್ಕೆ ಹಾಕಿದೆ. ಬೆಳಗ್ಗೆ ನೋಡಿದ್ರೆ ಬೆನ್ನು ತುಂಬ ಗುಳ್ಳೆ, ಪೊರೆ ಅಂಟು ಬಿಟ್ಟು ಹಪ್ಪಳದ ಹಾಗೆ ಎದ್ದಿದೆ. ಈಗ ಅದು ನಾಯಿ ಮಲಗೋ ಗೋಣಿ ಮೇಲಿದೆ. ಅದಕ್ಕೆ ಮಾತ್ರ ಯಾವ ದೂರೂ ಇಲ್ಲ.

ಹಾಗಂತ ಸಾಫ್ಟ್‌ಶೆಲ್ ಕೆಟ್ಟದ್ದು ಅಂತಲ್ಲ. ಅದರ ಕಾಲ ಬೇರೆ. ನವೆಂಬರ್‌ನಿಂದ ಫೆಬ್ರವರಿವರೆಗೆ, ಹಣ್ಣು ಕೊಯ್ಯೋ ಸಮಯದಲ್ಲಿ, ಇಬ್ಬನಿ ಸುರಿಯೋ ಬೆಳಗ್ಗೆ ಅದರಷ್ಟು ಹಿತವಾದ ಬಟ್ಟೆ ಇಲ್ಲ. ಮಳೆಗೆ ಬೇಕಾದದ್ದು ಮೂರು ಪದರದ ಶೆಲ್: ಹೊರಗೆ ಬಟ್ಟೆ, ನಡುವೆ ಪೊರೆ, ಒಳಗೆ ತೆಳು ಜಾಳಿಗೆ, ಎಲ್ಲ ಹೊಲಿಗೆಗೂ ಟೇಪ್. ಎರಡೂವರೆ ಪದರ ಅಂತಲೂ ಬರುತ್ತೆ, ಒಳಗೆ ಜಾಳಿಗೆ ಬದಲು ಬರೀ ತೆಳು ಲೇಪ. ಹಗುರ, ಅಗ್ಗ, ಆದ್ರೆ ತೋಳು ನೆಂದರೆ ಚರ್ಮಕ್ಕೆ ಅಂಟಿಕೊಳ್ಳುತ್ತೆ.

ಈಗ ಸದ್ದಿನ ವಿಷಯ. ಸಲಗ ಅಂದ ತಕ್ಷಣ ನಾನು ಎದ್ದು ಕೂತೆ. ನೀನು ನೀರಿನ ನಂಬರ್ ನೋಡೋಕೆ ಮುಂಚೆ ಇದನ್ನ ನೋಡು. ಹೊರಬಟ್ಟೆ ಮಿರಮಿರ ಮಿಂಚೋ ನೈಲಾನ್ ಆಗಿದ್ರೆ ಹತ್ತು ಮಾರು ದೂರಕ್ಕೆ ಕೇಳುತ್ತೆ. ಹೊಳಪಿಲ್ಲದ, ಕೈಗೆ ಸ್ವಲ್ಪ ಪೀಚ್ ಹಣ್ಣಿನ ಸಿಪ್ಪೆ ಥರ ಹತ್ತೋ ಬಟ್ಟೆ ಬೇಕು. ಶಿಕಾರಿ ಜಾಕೆಟ್‌ಗಳ ಒಳ್ಳೇ ಗುಣ ಇದೊಂದೇ. ಅಲ್ಲಿ ಪ್ರಾಣಿಗೆ ಕೇಳಬಾರದು ಅಂತ ಮಾಡಿದ್ದು, ಇಲ್ಲಿ ನಮಗೆ ಪ್ರಾಣಿ ಕೇಳಲಿ ಅಂತ ಬೇಕು. ಅಂಗಡಿಯಲ್ಲಿ ಟೊಪ್ಪಿ ಹಾಕ್ಕೊಂಡು ಕತ್ತು ಆ ಕಡೆ ಈ ಕಡೆ ತಿರುಗಿಸು, ತೋಳನ್ನ ಪಕ್ಕೆಗೆ ಉಜ್ಜು. ಜನ ನೋಡಿ ನಕ್ಕರೆ ನಗಲಿ. ನಾನಂತೂ ತೋಟದಲ್ಲಿ ಟೊಪ್ಪಿ ಹಾಕೋದೇ ಇಲ್ಲ, ಹಿಂದಕ್ಕೆ ಮಡಿಸಿಟ್ಟು ಅಂಚಿರೋ ಹ್ಯಾಟ್ ಹಾಕ್ತೀನಿ. ಕಿವಿ ಎರಡೂ ಹೊರಗಿರಬೇಕು. ಕತ್ತಿನಲ್ಲಿ ನಾಲ್ಕು ಹನಿ ಇಳಿದ್ರೆ ಇಳೀಲಿ.

ನಮ್ಮಪ್ಪಯ್ಯ ಹುಡುಗನಾಗಿದ್ದಾಗ ಊರವರ ಜತೆ ಹಳು ಸೋವೋದಕ್ಕೆ (ಪೊದೆ ಬಡಿದು ಶಿಕಾರಿ ಎಬ್ಬಿಸೋದಕ್ಕೆ) ಹೋಗ್ತಿದ್ದರಂತೆ. 1972ರ ವನ್ಯಜೀವಿ ಕಾಯ್ದೆ ಬಂತು, ಕೋವಿ ಗೋಡೆಗೆ ಹೋಯ್ತು. ಆದರೆ ಅವರು ಹೇಳ್ತಿದ್ದ ಒಂದು ಮಾತು: ಬಿಲ್ಲಿಗೆ (ಪ್ರಾಣಿ ಬರೋ ದಾರಿ ಕಾಯೋ ಜಾಗಕ್ಕೆ) ಕೂರೋನು ಕಂಬಳಿಯನ್ನೇ ಹೊದೀಬೇಕು, ಕಂಬಳಿಗೆ ಬಾಯಿಲ್ಲ. ನಿನ್ನ ಅಪ್ಪಯ್ಯ ಹೇಳಿದ್ದರಲ್ಲೂ ತಥ್ಯ ಇದೆ. ಚಳ್ಳಕೆರೆ ಕಡೆಯ ಒಳ್ಳೇ ಕುರಿ ಕಂಬಳಿ ತನ್ನ ತೂಕದ ಮೂರರಲ್ಲಿ ಒಂದು ಭಾಗ ನೀರು ಹೀರಿಕೊಂಡರೂ ಮೈಗೆ ಒದ್ದೆ ಅನ್ನಿಸಲ್ಲ, ಬೆಚ್ಚಗೇ ಇರುತ್ತೆ. ಆಮೇಲೆ ಮಾತ್ರ ಭಾರ. ಕಾಫಿ ಸಾಲಲ್ಲಿ ಹೋದರೆ ಕೊಂಬೆ ಕೊಂಬೆಗೂ ಸಿಕ್ಕಿಕೊಳ್ಳುತ್ತೆ, ಉತ್ತರಾಣಿ ಬೀಜ ಅಷ್ಟೂ ಅದರಲ್ಲೇ. ಗದ್ದೆ ಬದುವಿನ ಮೇಲೆ ನಿಲ್ಲೋನಿಗೆ ಕಂಬಳಿ, ಗಿಡದೊಳಗೆ ನುಗ್ಗೋನಿಗೆ ಜಾಕೆಟ್.

ಇನ್ನೊಂದು. ರಸ್ತೆಯಲ್ಲಿ ಮಳೆ ಮೇಲಿಂದ ಬರುತ್ತೆ, ತೋಟದಲ್ಲಿ ಪಕ್ಕದಿಂದ ಬರುತ್ತೆ. ಎದೆಮಟ್ಟದ ಗಿಡ, ಪ್ರತಿ ರೆಕ್ಕೆಯೂ, ಅಂದ್ರೆ ಅಡ್ಡಕೊಂಬೆಯೂ, ಒಂದೊಂದು ಚೊಂಬು ನೀರು ಹಿಡ್ಕೊಂಡು ನಿಂತಿರುತ್ತೆ. ಹಾಗಾಗಿ ಜಾಕೆಟ್ ತೊಡೆ ಅರ್ಧಕ್ಕಾದ್ರೂ ಬರಬೇಕು. ಟ್ರೆಕ್ಕಿಂಗಿಗೆ ಅಂತ ಸೊಂಟಕ್ಕೆ ನಿಲ್ಲೋದು ತಗೊಂಡ್ರೆ ಅದರ ಅಂಚಿಂದ ಇಳಿದ ನೀರೆಲ್ಲ ಪ್ಯಾಂಟಿಗೆ, ಪ್ಯಾಂಟಿಂದ ಗಮ್ ಬೂಟಿಗೆ. ಬೂಟು ಬಗ್ಗಿಸಿ ನೀರು ಚೆಲ್ಲೋ ಕೆಲಸ ಒಂದು ಹೆಚ್ಚು. ಮಣಿಕಟ್ಟಿನ ಪಟ್ಟಿ ಬಿಗಿಯಾಗಬೇಕು, ಮೆಣಸಿನ ಬಳ್ಳಿ ನೋಡೋಕೆ ಕೈ ಎತ್ತಿದ್ರೆ ನೀರು ಸೀದಾ ಕಂಕುಳಿಗೆ ಹರಿಯುತ್ತೆ. ಕಂಕುಳಲ್ಲಿ ಜಿಪ್ ಇರೋದನ್ನೇ ತಗೋ. ಗಾಳಿಯಾಡೋ ಬಟ್ಟೆ ಅಂತ ಎಷ್ಟು ಬರೆದಿದ್ರೂ ಕೊನೆಗೆ ಕಾಪಾಡೋದು ಆ ಜಿಪ್ಪೇ.

ಚಾರ್ಜ್ ಆರಕ್ಕೆ ಬಂತು. ಮಲಗ್ತೀನಿ.

ಹಾಸನದ ಮೇಷ್ಟ್ರು (ಜೂನ್ 15, ಬೆಳಗ್ಗೆ 6:48)

ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು, ರಜೆಯಲ್ಲಿ ಗುಡ್ಡ ಹತ್ತುವವನು. ಅಕ್ಕನವರ ಕಂಕುಳ ಜಿಪ್ಪಿನ ಮಾತಿಗೆ ಲೆಕ್ಕ ಕೊಡುತ್ತೇನೆ.

ಪೊರೆಯ ರಂಧ್ರ ನೀರಿನ ಹನಿಗಿಂತ ಸಾವಿರಾರು ಪಟ್ಟು ಚಿಕ್ಕದು, ಆವಿಯ ಅಣುವಿಗಿಂತ ನೂರಾರು ಪಟ್ಟು ದೊಡ್ಡದು. ಟೆಫ್ಲಾನ್ ಅನ್ನು ಸರಕ್ಕನೆ ಎಳೆದರೆ ಇಂಥ ಜಾಲ ಆಗುತ್ತದೆಂದು ಅಮೆರಿಕದ ಬಾಬ್ ಗೋರ್ 1969ರಲ್ಲಿ ಕಂಡುಕೊಂಡರು. ಗೋರ್‌ಟೆಕ್ಸ್ ಎಂಬ ಹೆಸರಾಂತ ಪೊರೆ ಹುಟ್ಟಿದ್ದು ಹಾಗೆ. ಆದರೆ ಪೊರೆ ಬೆವರನ್ನು ತಾನಾಗಿ ಹೊರಹಾಕುವ ಯಂತ್ರವಲ್ಲ. ಒಳಗಿನ ಆವಿಯ ಒತ್ತಡ ಹೊರಗಿನದಕ್ಕಿಂತ ಹೆಚ್ಚಿದ್ದರೆ ಮಾತ್ರ ಆವಿ ಹೊರಗೆ ಹರಿಯುತ್ತದೆ. ಬೆವರಿದ ಮೈಯ ಪಕ್ಕ, 34 ಡಿಗ್ರಿಯಲ್ಲಿ, ಅದು ಸುಮಾರು 53 ಮಿಲಿಬಾರ್. ಹಾನುಬಾಳಿನ ಜುಲೈ ಮಳೆಯಲ್ಲಿ ಹೊರಗೆ 20 ಡಿಗ್ರಿ, ಗಾಳಿ ತೇವದಿಂದ ತುಂಬಿದೆ ಎಂದುಕೊಳ್ಳಿ, ಅಲ್ಲಿ 23. ವ್ಯತ್ಯಾಸ 30. ಅದೇ ಜಾಕೆಟ್ ಹಾಕಿಕೊಂಡು ಚಾರ್ಮಾಡಿ ಇಳಿದು ಉಜಿರೆಗೆ ಹೋದರೆ, 28 ಡಿಗ್ರಿಯ ತುಂಬು ತೇವದಲ್ಲಿ ಹೊರಗಿನದು 38, ವ್ಯತ್ಯಾಸ 15. ಅರ್ಧ ಕೆಲಸ! ಒಣ ಚಳಿಯ ದೇಶದಲ್ಲಿ ಈ ವ್ಯತ್ಯಾಸ 45 ದಾಟುತ್ತದೆ. ಜಾಹೀರಾತು ಬರೆಯುವವರು ಅಲ್ಲಿ ಕುಳಿತಿರುತ್ತಾರೆ.

ಇನ್ನು ಚೀಟಿಯ ಲೆಕ್ಕ. ಗಾಳಿಯಾಡುವುದಕ್ಕೆ ಬರೆಯುವ ‘10,000 ಗ್ರಾಂ’ ಎಂದರೆ ಒಂದು ಚದರ ಮೀಟರ್ ಬಟ್ಟೆಯಿಂದ 24 ಗಂಟೆಯಲ್ಲಿ ಹೋಗುವ ಆವಿ. ಗಂಟೆಗೆ 416 ಗ್ರಾಂ. ಏರು ಹತ್ತುವವನು ಗಂಟೆಗೆ ಒಂದು ಲೀಟರ್ ಬೆವರುವುದು ಅಸಾಧ್ಯವೇನಲ್ಲ. ಅಂದರೆ ಪ್ರಯೋಗಾಲಯದ ಲೆಕ್ಕದಲ್ಲೂ ಅರ್ಧ ಬೆವರು ಒಳಗೇ ಉಳಿಯಿತು. ಅಳೆಯುವ ವಿಧಾನ ಬದಲಿಸಿದರೆ ಅದೇ ಬಟ್ಟೆಗೆ ಬೇರೆ ಸಂಖ್ಯೆ ಬರುವುದರಿಂದ ಎರಡು ಕಂಪನಿಯ ಸಂಖ್ಯೆಗಳನ್ನು ಹೋಲಿಸಲೂ ಬಾರದು. ಚೀಟಿಯಲ್ಲಿ ‘ರೆಟ್’ ಎಂಬ ಅಂಕಿ ಇದ್ದರೆ ಅದನ್ನು ನೋಡಿ, ಅದು ಆವಿಗೆ ಇರುವ ಅಡ್ಡಿ. ಕಡಿಮೆ ಇದ್ದಷ್ಟೂ ಒಳ್ಳೆಯದು: 6ರೊಳಗಿದ್ದರೆ ಬಹಳ ಚೆನ್ನ, 13ರವರೆಗೆ ನಡೆಯುತ್ತದೆ, 20 ದಾಟಿದರೆ ನಿಮ್ಮ ಹಳೆಯ ರೇನ್‌ಕೋಟಿನ ತಮ್ಮ.

ನೀರಿನ 10,000 ಅಂದರೆ ಹತ್ತು ಮೀಟರ್ ನೀರಿನ ಕಂಬದ ಒತ್ತಡ ತಡೆಯುತ್ತದೆ ಎಂದು. ಬೀಳುವ ಮಳೆಗೆ ಅದು ಧಾರಾಳ. ಬ್ಯಾಗಿನ ಪಟ್ಟಿ ಒತ್ತುವ ಭುಜ, ಒದ್ದೆ ಕಲ್ಲಿನ ಮೇಲೆ ಕೂತಾಗಿನ ಹಿಂಭಾಗ, ಅಲ್ಲಿ ಒತ್ತಡ ಏರುತ್ತದೆ. ಬ್ಯಾಗ್ ಹೊತ್ತು ನಡೆಯುವವರಾದರೆ 15,000 ಅಥವಾ 20,000 ಇರಲಿ.

ಹಾನುಬಾಳಿನ ಹೈದ (ಜೂನ್ 15, ಮಧ್ಯಾಹ್ನ 1:20)

ಅಕ್ಕ, ಮೇಷ್ಟ್ರೇ, ಇಬ್ಬರಿಗೂ ನಮಸ್ಕಾರ. ಆರ್ಡರ್ ಮಾಡೋಕೆ ಕಾರ್ಟಿನಲ್ಲಿ ಇಟ್ಟಿದ್ದ ಸಾಫ್ಟ್‌ಶೆಲ್ ತೆಗೆದುಬಿಟ್ಟೆ. ಟೇಪ್ ಬಗ್ಗೆ ಅದರಲ್ಲಿ ಒಂದಕ್ಷರ ಇರಲಿಲ್ಲ. ಒಂದು ಅನುಮಾನ: ಮೂರು ಪದರದ್ದನ್ನಾದರೂ ಒಗೆದು ಒಣಗಿಸೋದು ಹೇಗೆ? ನಮ್ಮಲ್ಲೂ ಬಚ್ಚಲ ಒಲೆಯೇ ಗತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಯವರೆಲ್ಲ ಹೊಗೆ ವಾಸನೆ ಹೊಡೆಯುತ್ತೇವೆ.

ಗಿರಿ ಸುತ್ತೋಳು (ಜೂನ್ 15, ಸಂಜೆ 7:45)

ಚಿಕ್ಕಮಗಳೂರಿನವಳು. ಮುಳ್ಳಯ್ಯನಗಿರಿ, ಕೆಮ್ಮಣ್ಣುಗುಂಡಿ ಕಡೆ ಜನರನ್ನ ಕರ್ಕೊಂಡು ಹೋಗೋದು ನನ್ನ ಕೆಲಸ, ಹಾಗಾಗಿ ಜಾಕೆಟ್ ಒಗೆದು ಒಗೆದು ಕೈ ಪಳಗಿದೆ.

ಕೆಸುವಿನ ಎಲೆ ಮೇಲೆ ನೀರು ಹೇಗೆ ಉರುಳುತ್ತೆ, ಹೊಸ ಜಾಕೆಟ್ ಮೇಲೆ ಹಾಗೇ ಉರುಳಬೇಕು. ಅದು ಹೊರಗಿನ ಲೇಪದ ಕೆಲಸ, ಪೊರೆಯದ್ದಲ್ಲ. ಮಣ್ಣು, ಬೆವರು, ಒಲೆ ಹೊಗೆಯ ಜಿಡ್ಡು ಕೂತು ಲೇಪ ಸೋತರೆ ಹೊರಬಟ್ಟೆ ನೀರು ಕುಡಿದು ಕಪ್ಪಾಗುತ್ತೆ. ಪೊರೆ ತೂತಾಗಿರಲ್ಲ, ಆದ್ರೂ ಆವಿ ಹೊರಗೆ ಹೋಗೋ ದಾರಿ ಮುಚ್ಚಿರುತ್ತೆ. ಒಳಗೆಲ್ಲ ನಿಮ್ಮದೇ ಬೆವರು. ಜನ ‘ಜಾಕೆಟ್ ಸೋರ್ತಿದೆ’ ಅಂತ ಬೈಯೋದು ಹೆಚ್ಚಾಗಿ ಇದಕ್ಕೇ.

ಬಟ್ಟೆ ಸೋಪಿನ ಪುಡಿ ಬೇಡ, ಘಮಘಮ ಕಂಡೀಷನರ್ ಅಂತೂ ಬೇಡವೇ ಬೇಡ. ಜಿಪ್ ಎಲ್ಲ ಮುಚ್ಚಿ, ಇದಕ್ಕಂತಲೇ ಬರೋ ದ್ರವ ಸೋಪಿನಲ್ಲಿ (ನಿಕ್‌ವ್ಯಾಕ್ಸ್ ಆನ್‌ಲೈನಲ್ಲಿ ಸಿಗುತ್ತೆ) ಉಗುರುಬೆಚ್ಚಗಿನ ನೀರಿಗೆ ಹಾಕಿ ಒಗೆದು, ಎರಡು ಸಲ ಜಾಲಿಸಿ. ಹಿಂಡಬೇಡಿ. ಗಾಳಿಯಾಡೋ ಜಗಲಿಯಲ್ಲಿ ಹ್ಯಾಂಗರ್‌ಗೆ ಹಾಕಿ, ಫ್ಯಾನ್ ಬಿಡಿ. ಪೂರ್ತಿ ಒಣಗಿದ ಮೇಲೆ ತೆಳು ಪಂಚೆ ಹಾಸಿ ಕಡಿಮೆ ಕಾವಿನಲ್ಲಿ ಇಸ್ತ್ರಿ ಮಾಡಿದ್ರೆ ಲೇಪ ಮತ್ತೆ ಜೀವ ಹಿಡಿಯುತ್ತೆ. ಒಳಗಿನ ಚೀಟಿಯಲ್ಲಿ ಇಸ್ತ್ರಿ ಪೆಟ್ಟಿಗೆ ಚಿತ್ರಕ್ಕೆ ಅಡ್ಡಗೀಟು ಎಳೆದಿದ್ದರೆ ಮಾತ್ರ ಮುಟ್ಟಬೇಡಿ. ಬಚ್ಚಲ ಒಲೆ ಮೇಲೆ ಹಾಕೋದು ಅಂದ್ರೆ ಅಂಟು ಕರಗಿಸೋದು.

ಮಳೆಗಾಲ ಮುಗಿದ ಮೇಲೆ ಟ್ರಂಕಿನಲ್ಲಿ ಮಡಿಸಿ ಇಡೋದೂ ತಪ್ಪು. ಅಗ್ಗದ ಜಾಕೆಟ್‌ಗೆ ಒಳಗೆ ಪಾಲಿಯುರಿಥೇನ್ ಬಳಿದಿರ್ತಾರೆ. ನಮ್ಮ ತೇವಕ್ಕೆ ಅದು ವರ್ಷೊಪ್ಪತ್ತಿನಲ್ಲಿ ಅಂಟಂಟಾಗಿ ಸಿಪ್ಪೆ ಸುಲಿಯೋಕೆ ಶುರು.

ಬಣ್ಣ ಕೇಳಲಿಲ್ಲ ನೀವು, ಆದ್ರೂ ಹೇಳ್ತೀನಿ. ಶಿಕಾರಿ ಜಾಕೆಟ್ ಅಂತ ಮಿಲಿಟರಿ ಚಿತ್ತಾರದ್ದು ತಗೋಬೇಡಿ. ಕಾಡಂಚಲ್ಲಿ ಅದನ್ನ ಹಾಕಿದವರನ್ನ ಗಾರ್ಡು ನಿಲ್ಲಿಸಿ ನೂರೆಂಟು ಕೇಳಿದ್ದು ನೋಡಿದ್ದೀನಿ. ಗಿರಿ ಮೇಲೆ ಮಂಜು ಮುಚ್ಚಿದಾಗ ಹತ್ತು ಹೆಜ್ಜೆ ಮುಂದಿನೋರು ಕಾಣಲ್ಲ, ನಮ್ಮ ಗುಂಪಿನಲ್ಲಿ ನಾನು ಕಿತ್ತಳೆ ಬಣ್ಣದ್ದೇ ಹಾಕಿಸ್ತೀನಿ.

ಬಣಕಲ್ ಅಕ್ಕ (ಜೂನ್ 15, ರಾತ್ರಿ 8:30)

ಕರೆಂಟ್ ಬಂತು. ಇಸ್ತ್ರಿ ಮಾಡೋದು ನನಗೆ ಗೊತ್ತಿರಲಿಲ್ಲ ಮಾರಾಯ್ತಿ. ಮೂರು ವರ್ಷದಿಂದ ‘ಲೇಪ ಹೋಯ್ತು’ ಅಂತ ಗೂಟಕ್ಕೆ ನೇತುಹಾಕಿದ್ದು ಒಂದಿದೆ, ನಾಳೆ ನೋಡ್ತೀನಿ.

ಹಾನುಬಾಳಿನ ಹೈದ (ಜೂನ್ 28, ಸಂಜೆ 6:15)

ವರದಿ ಒಪ್ಪಿಸುತ್ತಿದ್ದೇನೆ. ಕೆಲಸದ ಮೇಲೆ ಬೆಂಗಳೂರಿಗೆ ಹೋದಾಗ ಮೂರು ಅಂಗಡಿ ತಿರುಗಿದೆ. ಎರಡು ಕಡೆ ಜಾಕೆಟ್ ಒಳಮಗ್ಗುಲು ತಿರುಗಿಸಿದ್ದಕ್ಕೆ ಸೇಲ್ಸ್‌ನವನು ‘ಸರ್, ಸೈಜು ಹೊರಗಡೆನೇ ಇದೆ’ ಅಂದ. ಮೂರನೇ ಕಡೆ ಸಿಕ್ಕಿತು: ಮೂರು ಪದರ, ಎಲ್ಲ ಹೊಲಿಗೆಗೂ ಟೇಪ್, ಕಂಕುಳ ಜಿಪ್, ಕಡುಹಸಿರು, ಹೊಳಪಿಲ್ಲದ ಬಟ್ಟೆ. ತೊಡೆ ಅರ್ಧಕ್ಕೆ ಬರಲ್ಲ, ನಾಲ್ಕು ಬೆರಳು ಮೇಲೆ ನಿಲ್ಲುತ್ತೆ. ಒಂದು ಸೈಜ್ ದೊಡ್ಡದು ತಗೊಂಡು ಸ್ವಲ್ಪ ಸರಿಮಾಡಿಕೊಂಡೆ. 8,200 ಆಯ್ತು. ಮನೆಯಲ್ಲಿ 5,000 ಅಂತ ಹೇಳಿದ್ದೇನೆ, ಇದನ್ನ ಯಾರೂ ಅಪ್ಪಯ್ಯನಿಗೆ ಕಳಿಸಬೇಡಿ.

ಆರಿದ್ರಾ ಮಳೆ ಮೊನ್ನೆಯಿಂದ ಬಿಟ್ಟಿಲ್ಲ. ಇವತ್ತು ಬೆಳಗ್ಗೆ ಅಳತೆ ನೋಡಿದಾಗ 3 ಇಂಚು 40 ಸೆಂಟ್ಸ್ (ಇಂಚಿನ ನೂರರಲ್ಲೊಂದು ಒಂದು ಸೆಂಟ್). ಎರಡು ಗಂಟೆ ಸುತ್ತಿದೆ. ಭುಜ, ಬೆನ್ನು ಒಣ. ಏರು ಹತ್ತುವಾಗ ಬೆವರಿದ್ದು ನಿಜ, ಆದರೆ ಜಿಪ್ ತೆರೆದು ಐದು ನಿಮಿಷ ನಿಂತರೆ ಆರುತ್ತೆ. ಹಳೆಯದರಲ್ಲಿ ಅದು ಸಾಯಂಕಾಲದವರೆಗೂ ಆರುತ್ತಿರಲಿಲ್ಲ. ಎದೆಯ ಕಿಸೆಯ ಜಿಪ್ ಮಾತ್ರ ಸೋರುತ್ತೆ, ಫೋನನ್ನ ಪ್ಲಾಸ್ಟಿಕ್ ಕವರಿಗೆ ಹಾಕಿಟ್ಟಿದ್ದೇನೆ. ಟೊಪ್ಪಿ ಮಡಿಸಿ ಹ್ಯಾಟ್ ಹಾಕಿದೆ. ತೋಟದ ಕೆಳಗಿನ ಪಟ್ಟಿಯಲ್ಲಿ ಆನೆ ಬೈನೆ ಮರ ಸೀಳೋ ಸದ್ದು ಬಂದಾಗ ಮೇಸ್ತ್ರಿಯೂ ನಾನೂ ಒಟ್ಟಿಗೆ ನಿಂತೆವು. ಅವರು ಗಲ್ಲ ಎತ್ತಿ ತೋರಿಸಬೇಕಾಗಲಿಲ್ಲ.

ಹೊಸ ತೊಂದರೆ ಒಂದಿದೆ. ಕಂಕುಳ ಜಿಪ್ ತೆರೆದುಕೊಂಡು ನಡೆದರೆ ಉಂಬಳ ಒಳಗೆ ಬರುತ್ತೆ. ಎರಡು ದಿನದಲ್ಲಿ ಮೂರು. ಬೂಟಿಗೆ ಸುಣ್ಣ, ಹೊಗೆಸೊಪ್ಪು ಎಲ್ಲ ಮಾಡಿದ್ದೇನೆ. ಜಾಕೆಟ್‌ಗೆ ಏನಾದರೂ ಸವರಬಹುದಾ?

ಬಣಕಲ್ ಅಕ್ಕ (ಜೂನ್ 28, ಸಂಜೆ 7:05)

ಏನೂ ಸವರಬೇಡ. ಸೀಮೆಎಣ್ಣೆ, ಬೇವಿನೆಣ್ಣೆ ತಾಗಿದ್ರೆ ಪೊರೆ ಕೆಡುತ್ತೆ. ಕಂಕುಳಿಗೆ ಬಂದದ್ದು ನೆಲದಿಂದ ಹತ್ತಿದ್ದಲ್ಲ ತಮ್ಮಾ, ಕಾಫಿ ರೆಕ್ಕೆಯಿಂದ ಇಳಿದದ್ದು. ಗಿಡದೊಳಗೆ ನುಗ್ಗೋವಾಗ ಜಿಪ್ ಹಾಕು, ಜೀಪ್ ದಾರಿಗೆ ಬಂದ ಮೇಲೆ ತೆಗಿ. ಇಸ್ತ್ರಿ ಹಾಕಿದ ನನ್ನ ಹಳೇದರ ಮೇಲೆ ಇವತ್ತು ನೀರು ಉರುಳ್ತಿದೆ, ಬೆನ್ನಿನ ಕಡೆ ಮಾತ್ರ. ಮುಂದೆ ಇನ್ನೊಂದು ಸಲ ತಿಕ್ಕಬೇಕು ಅನ್ಸುತ್ತೆ.